ಹಳ್ಳಿಯ ಕಸುಬುಗಳೂ ನಮ್ಮ ಮಕ್ಕಳೂ

(ಆಂಟಾಪ್ ಹಿಲ್‌ನ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಅರಸರನ್ನೂ ಕವಿಗಳನ್ನೂ ನೆನೆಯುವುದು ವಾಡಿಕೆ. ನಾವಿಂದು ಕುಳ ಬಡಿದವರನ್ನು, ಮಡಕೆ ಮಾಡಿದವರನ್ನು, ಕೂರಿಗೆ ಕೆತ್ತಿದವರನ್ನು ನೆನೆಯೋಣವೆಂದಿದ್ದೇವೆ.

ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಆಯಗಾರರೆಂಬ ಏರ್ಪಾಡು ಇತ್ತಷ್ಟೆ. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಮುಂತಾಗಿ ಹನ್ನೆರಡು ಮಂದಿಯೆಂದು ಲೆಕ್ಕ. ನಾವಿರುವ ಮಹಾರಾಷ್ಟ್ರದಲ್ಲಿ ಇವರೇ ಬಾರಾ ಬಲುತೇದಾರರು. ವರ್ಷವೆಲ್ಲ ಅವರು ರೈತನ ಕೆಲಸ ಮಾಡಿಕೊಡಬೇಕು. ಸುಗ್ಗಿಯಲ್ಲಿ ರೈತನು ಕಣದ ರಾಶಿಯಿಂದ ಅವರ ಪಾಲಿನ ಕಾಳು ಅಳೆದು ಕೊಡಬೇಕು. ಆ ಪಾಲೇ ಆಯ. ಕುಳ ಮೊಂಡಾದರೆ ಕುಲುಮೆಗೆ ಒಯ್ದರಾಯಿತು, ಕಾಸಿನ ಮಾತಿಲ್ಲ.

ಆದರೆ ಆ ಕಾಲವೆಲ್ಲ ಬಂಗಾರವಾಗಿತ್ತೆಂದು ಹೇಳಲಾರೆವು. ಕಸುಬು ಜಾತಿಗೆ ಅಂಟಿತ್ತು. ಮಗನು ತಂದೆಯ ಕಸುಬನ್ನೇ ಹಿಡಿಯಬೇಕು; ಮಳೆ ಕೈಕೊಟ್ಟರೆ ಆಯವೂ ಇಲ್ಲ. ಹಲವರಿಗೆ ಕಾಳು ದೊರೆಯಿತು, ಮರ್ಯಾದೆ ದೊರೆಯಲಿಲ್ಲ. ಆ ಕಟ್ಟಿನಿಂದ ಬಿಡುಗಡೆ ಬಯಸಿಯೇ ಮುಂಬಯಿಗೆ ಬಂದವರೂ ಉಂಟು. ಮುಂದೆ ಕಾರ್ಖಾನೆಯ ನೇಗಿಲು, ಪ್ಲಾಸ್ಟಿಕ್ ಕೊಡ, ಟ್ರ್ಯಾಕ್ಟರುಗಳು ಬಂದು ಕಸುಬುಗಳೇ ಸೊರಗಿದವು.

ಕಟ್ಟು ಸಡಿಲಿದ್ದು ಒಳ್ಳೆಯದೇ. ಅದರೊಂದಿಗೆ ಕೈಯ ಜಾಣ್ಮೆಯೂ ಅದರ ಮಾತೂ ಹೋಗಬೇಕೆ? ಕುಲುಮೆ, ತಿದಿ, ಇಕ್ಕುಳ; ತಿಗರಿ, ಆವಿಗೆ; ಮಗ್ಗ, ಲಾಳಿ, ಹಾಸು, ಹೊಕ್ಕು — ಇವುಗಳಲ್ಲಿ ಎಷ್ಟನ್ನು ನಮ್ಮ ಮಕ್ಕಳು ಬಲ್ಲರು? ಇಳಕಲ್ ಸೀರೆ ನಮ್ಮ ತಾಯಂದಿರ ಪೆಟ್ಟಿಗೆಯಲ್ಲಿದೆ. ಅದರ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಅಣಿಮಾಡಿ, ಎಳೆಯೆಳೆಗೂ ಕೊಂಡಿ ಹಾಕಿ ಕೂಡಿಸುತ್ತಾರೆಂಬುದನ್ನು ಎಷ್ಟು ಹೆಣ್ಣುಮಕ್ಕಳಿಗೆ ಹೇಳಿದ್ದೇವೆ?

ಐರ್ಲೆಂಡಿನ ಹಳ್ಳಿಗಳೂ ನಮ್ಮವರಂತೆ ವಲಸೆ ಹೋದವರಿಂದ ಬರಿದಾದವು. ಅಲ್ಲಿಯ ಜಾನಪದ ಆಯೋಗವು 1937ರಿಂದ 1939ರವರೆಗೆ ಒಂದು ಸೊಗಸಾದ ಕೆಲಸ ನಡೆಸಿತು. ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ಮನೆಯ ಹಿರಿಯರನ್ನೂ ನೆರೆಯವರನ್ನೂ ಕೇಳಿ, ಊರ ಕುಲುಮೆ, ಹಳೆಯ ಕೈಕಸುಬು, ಹಬ್ಬಹುಣ್ಣಿಮೆಗಳನ್ನೆಲ್ಲ ಬರೆದುಕೊಂಡರು. ಆ ಬರಹಗಳು ಡಬ್ಲಿನ್ನಿನ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಭದ್ರವಾಗಿವೆ.

ನಮ್ಮಿಂದಲೂ ಇಷ್ಟಾದೀತು. ರಜೆಗೆ ಊರಿಗೆ ಹೋದ ಮಕ್ಕಳು ಅಜ್ಜ ಅಜ್ಜಿಯರ ಬಳಿ ಕುಳಿತು, ಒಂದೊಂದು ಕಸುಬಿನ ಹತ್ತು ಮಾತು ಬರೆದು ತರಲಿ. ಕೈಯ ಕೆಲಸ ಯಾವುದೂ ಕೀಳಲ್ಲವೆಂಬುದನ್ನೂ ಅಲ್ಲಿಯೇ ಕಲಿಯಲಿ. ಊರಿಗೆ ಹೋಗಲಾಗದವರಿಗೆ ನೆರೆಯ ಧಾರಾವಿಯಲ್ಲಿ ಕುಂಭಾರವಾಡೆಯಿದೆ. ಸೌರಾಷ್ಟ್ರದಿಂದ ಬಂದ ಕುಂಬಾರರ ಮನೆತನದವರು ಅಲ್ಲಿ ಇಂದೂ ಮಣ್ಣು ಹದಮಾಡುತ್ತಾರೆ. ಮಕ್ಕಳನ್ನು ಕರೆದೊಯ್ದು ತೋರಿಸೋಣ. ತಿಗರಿಯೆಂಬ ಕನ್ನಡದ ಹೆಸರನ್ನು ನಾವು ಹೇಳಿಕೊಡೋಣ.