ಮಂಡಿ ಕಲಿಸಿದ ಪಾಠ: ಭಾನುವಾರದ ಫುಟ್‌ಬಾಲ್, ಹನ್ನೊಂದು ತಿಂಗಳ ಕಾಯುವಿಕೆ

(ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತಿನ ಬರಹರೂಪ)

ನಾನು ಮುಳಬಾಗಿಲಿನವನು. ಕೆಲಸ ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ಮೆಷಿನ್ ಆಪರೇಟರ್. ವಯಸ್ಸು ಮೂವತ್ತಾರು. ನಾನು ಡಾಕ್ಟರೂ ಅಲ್ಲ, ಕೋಚೂ ಅಲ್ಲ. ಭಾನುವಾರ ಬಂದ್ರೆ ಬೂಟು ಬ್ಯಾಗಿಗೆ ಹಾಕ್ಕೊಂಡು ಹೊರಡೋ ಸಾವಿರಾರು ಜನರಲ್ಲಿ ಒಬ್ಬ. ಇವತ್ತು ಮಾತಾಡೋಕೆ ಹೊರಟಿರೋದು ನಾನು ಹೊಡೆದ ಗೋಲಿನ ಬಗ್ಗೆ ಅಲ್ಲ, ನನ್ನ ಎಡ ಮಂಡಿ ಬಗ್ಗೆ. ಅದಕ್ಕೂ ಮೊದಲು, ನನ್ನ ಮಾತು ಕೇಳಿ ಕಾಲು ಕೆಡಿಸಿಕೊಂಡ ಒಬ್ಬ ಹುಡುಗನ ಬಗ್ಗೆ.

ನಮ್ಮ ಜಿಲ್ಲೆಗೆ ಫುಟ್‌ಬಾಲ್ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ನಲ್ಲಿ ಗಣಿ ಕೆಲಸ ಶುರು ಮಾಡಿತು. ಇಂಗ್ಲಿಷರ ಜೊತೆ ಅವರ ಆಟವೂ ಬಂತು, ಆಮೇಲೆ ಗಣಿ ಕಾರ್ಮಿಕರ ಲೈನ್ ಮನೆಗಳ ಮಕ್ಕಳ ಕಾಲಿಗೂ ಚೆಂಡು ಸಿಕ್ಕಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಆಟ ನಿಲ್ಲಲಿಲ್ಲ. ನಾವು ಮಾತ್ರ ಕಲಿತದ್ದು ಒಣಗಿದ ಕೆರೆ ಅಂಗಳದಲ್ಲಿ. ಆಗ ಕೋಲಾರದ ಕೆರೆಗಳಲ್ಲಿ ನೀರೇ ಇರಲಿಲ್ಲವಲ್ಲ, ಮಕ್ಕಳಿಗೆ ಅದೇ ಸ್ಟೇಡಿಯಂ. ನೆಲ ಬಿರುಕು ಬಿಟ್ಟಿರೋದು, ಕಾಲು ಸಿಕ್ಕಿ ಬೀಳೋದು, ಎದ್ದು ಮತ್ತೆ ಓಡೋದು. 2018ರಿಂದ ಕೆ.ಸಿ. ವ್ಯಾಲಿ ನೀರು ಬಂದು ಎಷ್ಟೋ ಕೆರೆ ತುಂಬಿದವು. ಒಳ್ಳೇದೇ ಆಯ್ತು. ಆಟ ಕಾಲೇಜು ಮೈದಾನಕ್ಕೆ ಬಂತು.

ನಮ್ಮದು ನಾಲ್ಕು ಊರಿನ ಗೆಳೆಯರ ಗುಂಪು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಒಂದೊಂದು ಭಾನುವಾರ ಒಂದೊಂದು ಊರಲ್ಲಿ ಆಟ. ಮಾಲೂರಿನವರಲ್ಲಿ ಇಟ್ಟಿಗೆ ಫ್ಯಾಕ್ಟರಿಯವರು ಇದ್ದಾರೆ, ಕೋಲಾರದವರಲ್ಲಿ ಮೇಷ್ಟ್ರು ಇದ್ದಾರೆ, ಶ್ರೀನಿವಾಸಪುರದವರಲ್ಲಿ ಮಾವಿನ ಮಂಡಿ ಹುಡುಗರು. ಆಟ ಮುಗಿದ ಮೇಲೆ ಮುಳಬಾಗಿಲಲ್ಲಾದ್ರೆ ದೋಸೆ, ಬೇರೆ ಕಡೆ ಆದ್ರೆ ಬರೀ ಟೀ. ನಾನು ವಯಸ್ಸಲ್ಲಿ ಹಿರಿಯ, ಹಾಗಾಗಿ ಕ್ಯಾಪ್ಟನ್.

2022ರ ಮೇ ತಿಂಗಳು. ಶ್ರೀನಿವಾಸಪುರದ ಹುಡುಗ ಒಬ್ಬ, ಇಪ್ಪತ್ತೊಂದು ವರ್ಷ, ಮಂಡಿಯಲ್ಲಿ ಮಾವಿನ ಕ್ರೇಟ್ ಹೊರೋ ಕೆಲಸ. ಮೊದಲರ್ಧದಲ್ಲೇ ಕಾಲು ಉಳುಕಿತು. ಪಾದದ ಗಂಟು ಊದಿಕೊಳ್ತಾ ಇತ್ತು. "ಅಣ್ಣಾ, ಊರೋಕಾಗ್ತಿಲ್ಲ" ಅಂದ. ನಮ್ಮ ಕಡೆ ಬದಲಿ ಆಟಗಾರ ಇರಲಿಲ್ಲ. ನಾನು ಸ್ಪ್ರೇ ಹೊಡೆದು, ಬಟ್ಟೆ ಬಿಗಿಯಾಗಿ ಕಟ್ಟಿ, "ಏನೂ ಆಗಲ್ಲ ಆಡೋ, ಬಿಸಿ ಆದ್ರೆ ಸರಿಹೋಗುತ್ತೆ" ಅಂದೆ. ಅಷ್ಟು ಸಾಲದು ಅಂತ ಭಾಷಣ ಬೇರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಹೆಚ್ಚಿನವರು ಬರಿಗಾಲಲ್ಲೇ ಆಡಿದ್ರು, ಫ್ರಾನ್ಸ್ ಮೇಲೆ ಗೋಲ್ ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್, ನೀನು ಇಷ್ಟಕ್ಕೇ ಕೂತ್ಕೊಂಡ್ರೆ ಹೇಗೆ ಅಂತ. ಹುಡುಗ ಆಡಿದ. ನಾವು ಗೆದ್ವಿ.

ಮಾರನೇ ದಿನ ಅವನಿಗೆ ನಾಲ್ಕು ಹೆಜ್ಜೆ ಇಡೋಕಾಗಲಿಲ್ಲ. ಮಾವಿನ ಸೀಸನ್ನಿನ ನಟ್ಟನಡುವೆ ಆರು ವಾರ ಕೆಲಸ ಹೋಯ್ತು. ವರ್ಷದ ಸಂಪಾದನೆಯ ದೊಡ್ಡ ಪಾಲು ಆ ಎರಡು ಮೂರು ತಿಂಗಳಲ್ಲೇ ಬರಬೇಕು ಅವರಿಗೆ. ನಾನು ಒಂದು ಸಲ ನೋಡೋಕೆ ಹೋಗಿ, ಹಣ್ಣು ಕೊಟ್ಟು ಬಂದೆ. ಮಾವು ಹೊರೋ ಹುಡುಗನಿಗೆ ಹಣ್ಣು! ಅವನ ತಾಯಿ ಏನೂ ಅನ್ನಲಿಲ್ಲ, ಕಾಫಿ ಕೊಟ್ರು. ಬೈದಿದ್ರೆ ಚೆನ್ನಾಗಿರ್ತಿತ್ತು.

ಆಮೇಲೆ ನನ್ನ ಸರದಿ. ಕತಾರ್ ವಿಶ್ವಕಪ್ ಮುಗಿದು ಎರಡು ತಿಂಗಳಾಗಿತ್ತು, 2023ರ ಫೆಬ್ರವರಿ. ಎಲ್ಲರಿಗೂ ಮೆಸ್ಸಿ ಹುಚ್ಚು. ಮಾಲೂರಿನಲ್ಲಿ ಆಟ. ಯಾರೂ ನನ್ನನ್ನ ಮುಟ್ಟಲಿಲ್ಲ ನೋಡಿ. ಓಡ್ತಾ ಇದ್ದವನು ಎಡಗಾಲು ಊರಿ ಬಲಕ್ಕೆ ತಿರುಗಿದೆ. ಪಾದ ನೆಲದಲ್ಲೇ ನಿಂತಿತು, ಮೈ ತಿರುಗಿತು. ಮಂಡಿ ಒಳಗೆ 'ಟಕ್' ಅಂತ ಒಂದು ಶಬ್ದ. ಪಕ್ಕದಲ್ಲಿದ್ದವನಿಗೂ ಕೇಳಿಸಿತಂತೆ. ಸಂಜೆ ಹೊತ್ತಿಗೆ ಮಂಡಿ ಸಣ್ಣ ಕುಂಬಳಕಾಯಿ ಥರ ಆಗಿತ್ತು. ನನ್ನನ್ನ ಬೈಕಲ್ಲಿ ಹಿಂದೆ ಕೂರಿಸಿಕೊಂಡು ಮುಳಬಾಗಿಲಿನ ಮನೆ ತನಕ ಬಿಟ್ಟವನು ಯಾರು ಗೊತ್ತಾ? ಅದೇ ಶ್ರೀನಿವಾಸಪುರದ ಹುಡುಗ.

ಈಗ ಗೊತ್ತು. ಯಾರೂ ಡಿಕ್ಕಿ ಹೊಡೆಯದೆ, ತಿರುಗುವಾಗ 'ಟಕ್' ಅಂದು, ಕೆಲವೇ ಗಂಟೆಯಲ್ಲಿ ಊತ ಬಂದ್ರೆ ಮೊದಲು ಅನುಮಾನ ಪಡಬೇಕಾದ್ದು ಎಸಿಎಲ್. ತೊಡೆಮೂಳೆಯನ್ನೂ ಕೆಳಗಿನ ಕಾಲಿನ ಮೂಳೆಯನ್ನೂ ಮಂಡಿ ಒಳಗೆ ಹಿಡಿದಿಡೋ ಲಿಗಮೆಂಟ್ ಅದು. ಅದು ಹರಿದ್ರೆ ನೇರಕ್ಕೆ ನಡೀಬಹುದು, ತಿರುಗಿದಾಗ ಮಂಡಿ ಜಾರುತ್ತೆ. ಆಗ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಎಕ್ಸ್‌ರೇ ತೆಗೆಸಿದೆ, ಮೂಳೆ ಸರಿಯಾಗಿದೆ ಅಂದ್ರು. 'ಏನೂ ಇಲ್ಲ' ಅಂತ ನಾನು ಅರ್ಥ ಮಾಡ್ಕೊಂಡೆ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣಲ್ಲ ಅನ್ನೋದು ನನಗೇನು ಗೊತ್ತು?

ಅಮ್ಮ "ಪುತ್ತೂರಿಗೆ ಹೋಗಿ ಕಟ್ಟು ಹಾಕಿಸ್ಕೊಂಡು ಬಾ" ಅಂದ್ರು. ಆಂಧ್ರದ ಪುತ್ತೂರು. ನಮ್ಮ ಕಡೆ ಮೂಳೆ ಅಂದ್ರೆ ಮೊದಲು ಬಾಯಿಗೆ ಬರೋದು ಅದೇ. ಅಷ್ಟು ದೂರ ಯಾಕೆ ಅಂತ ಹತ್ತಿರದಲ್ಲೇ ಒಬ್ಬರ ಹತ್ರ ಎಣ್ಣೆ ಹಚ್ಚಿ ನೀವಿಸಿಕೊಂಡೆ. ಊದಿದ ಮಂಡಿಯನ್ನ ಮೊದಲ ದಿನಗಳಲ್ಲಿ ನೀವಬಾರದು, ಶಾಖ ಕೊಡಬಾರದು. ನಾನು ಎರಡನ್ನೂ ಮಾಡಿಸಿಕೊಂಡೆ. ಮೂರು ವಾರಕ್ಕೆ ಊತ ಇಳಿಯಿತು. ಮಂಡಿ ಸರಿಹೋಯ್ತು ಅಂದ್ಕೊಂಡು ಮತ್ತೆ ಮೈದಾನಕ್ಕೆ ಇಳಿದೆ. ಹತ್ತೇ ನಿಮಿಷ. ಮಂಡಿ ಮತ್ತೆ ಜಾರಿತು, ಈ ಸಲ ಒಳಗಿದ್ದ ಮೆನಿಸ್ಕಸ್ ಅಂತ ಗಾದಿ ಥರದ್ದು, ಅದೂ ಹರಿಯಿತು. ಮೊದಲ ಪೆಟ್ಟು ಆಟದ್ದು, ಎರಡನೇದು ಪೂರ್ತಿ ನನ್ನದೇ. "ಏನೂ ಆಗಲ್ಲ ಆಡೋ" ಅಂತ ಹುಡುಗನಿಗೆ ಹೇಳಿದ್ದನ್ನ ನನಗೇ ಹೇಳ್ಕೊಂಡಿದ್ದೆ.

ಎಂಆರ್‌ಐ ಆಯ್ತು. ಮೂಳೆ ಡಾಕ್ಟರು ಕೂರಿಸಿಕೊಂಡು ವಿವರಿಸಿದ್ರು. ಎಸಿಎಲ್ ಹರಿದವರಿಗೆಲ್ಲ ಆಪರೇಷನ್ನೇ ಆಗಬೇಕು ಅಂತಿಲ್ಲ. 2010ರಲ್ಲಿ ಸ್ವೀಡನ್ನಿನಲ್ಲಿ 121 ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಗಿದೆ. ಬೇಗ ಆಪರೇಷನ್ ಆದವರಿಗೂ, ಮೊದಲು ವ್ಯಾಯಾಮ ಮಾಡಿ ಬೇಕಾದ್ರೆ ಮಾತ್ರ ಆಪರೇಷನ್ ಅಂತ ಕಾದವರಿಗೂ ಎರಡು ವರ್ಷದ ಮೇಲೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಕಾದವರಲ್ಲಿ 59ಕ್ಕೆ 23 ಜನ ಆಮೇಲೆ ಆಪರೇಷನ್ ಮಾಡಿಸಿಕೊಂಡ್ರು. ನನಗೆ ಮೆನಿಸ್ಕಸ್ಸೂ ಹರಿದಿತ್ತು, ದಿನವಿಡೀ ನಿಂತು ಮಾಡೋ ಕೆಲಸ, ನಡೆಯುವಾಗಲೂ ಮಂಡಿ ಜಾರ್ತಾ ಇತ್ತು. ಹಾಗಾಗಿ ಏಪ್ರಿಲ್ ಮಧ್ಯದಲ್ಲಿ ಆಪರೇಷನ್. ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಮಾಡಿ ಕೂರಿಸ್ತಾರೆ.

ಎಲ್ಲಕ್ಕಿಂತ ಹೆದರಿಕೆ ಆಗಿದ್ದು ದುಡ್ಡಿಂದು. ಪೆಟ್ಟಾಗಿದ್ದು ಫ್ಯಾಕ್ಟರಿಯಲ್ಲಲ್ಲ, ಆಟದಲ್ಲಿ. ರಜೆ ಹಾಕಿದ್ರೆ ಸಂಬಳ ಇಲ್ಲ ಅಂತಲೇ ತಿಳಿದಿದ್ದೆ. ಜೊತೆ ಕೆಲಸದವನೊಬ್ಬ "ಇಎಸ್‌ಐ ಕಾರ್ಡ್ ಯಾತಕ್ಕೆ ಇಟ್ಕೊಂಡಿದ್ದೀಯಪ್ಪಾ" ಅಂತ ಬೈದ. ಇದನ್ನ ಫ್ಯಾಕ್ಟರಿ ಹುಡುಗರು ದಯವಿಟ್ಟು ಗಮನ ಕೊಟ್ಟು ಕೇಳಿ. ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರೋರಿಗೆ ಇಎಸ್‌ಐ ಇದೆ, ನಮ್ಮ ಸಂಬಳದಲ್ಲಿ 0.75 ಪರ್ಸೆಂಟ್ ಅದಕ್ಕೇ ಹೋಗುತ್ತೆ. ಕಾಯಿಲೆ ಭತ್ಯೆ ಅಂತ ಒಂದಿದೆ. ಪೆಟ್ಟು ಕೆಲಸದ ಜಾಗದಲ್ಲೇ ಆಗಿರಬೇಕು ಅಂತಿಲ್ಲ. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ರೆ, ಡಾಕ್ಟರ ಸರ್ಟಿಫಿಕೇಟ್ ಮೇಲೆ ಸಂಬಳದ ನೂರಕ್ಕೆ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತೆ. ಇಎಸ್‌ಐ ಇಲ್ಲದವರು ಆಸ್ಪತ್ರೆಯಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದ ಆರೋಗ್ಯ ಮಿತ್ರರನ್ನ ಹುಡುಕಿ, ನಿಮ್ಮ ಚಿಕಿತ್ಸೆ ಬರುತ್ತಾ ಅಂತ ಮೊದಲೇ ಕೇಳಿ. ಸಾಲ ಮಾಡೋ ಮೊದಲು ಕೇಳಿ.

ಆಪರೇಷನ್ ಒಂದು ದಿನದ ಕೆಲಸ. ಆಮೇಲಿನದ್ದೇ ಕಷ್ಟ. ಮೊದಲ ವಾರ ಮಾಡಿದ್ದು ಇಷ್ಟೇ: ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ತೊಡೆ ಬಿಗಿಹಿಡಿದು, ಮಂಡಿಯನ್ನ ಪೂರ್ತಿ ನೇರ ಮಾಡೋದು. ಹತ್ತು ಎಣಿಸೋದು, ಬಿಡೋದು. ಗಂಡಸರು ಅಳಬಾರದು ಅಂತಾರಲ್ಲ, ನಾನು ಅತ್ತಿದ್ದೇನೆ. ತೊಡೆ ಎರಡೇ ವಾರಕ್ಕೆ ಸೊರಗಿ ಹೋಗಿತ್ತು. ನಮ್ಮ ಮನೆಯಲ್ಲಿ ಇಂಡಿಯನ್ ಕಕ್ಕಸು, ಕುಕ್ಕರಗಾಲಲ್ಲಿ ಕೂರೋಕಾಗಲ್ಲ. ಮಧ್ಯ ತೂತಿರೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದ್ವಿ. ಚಕ್ಕಳಮಕ್ಕಳ ಹಾಕಿ ಮುದ್ದೆ ಉಣ್ಣೋಕಾಗಲ್ಲ. ಮಗಳು ಮೂರನೇ ಕ್ಲಾಸು, ದಿನಾ ರಾತ್ರಿ ನನ್ನ ತಟ್ಟೆ ಟೇಬಲ್ಲಿಗೆ ತಂದಿಡೋಳು. ಅಪ್ಪ ಮಾತ್ರ "ಮೂವತ್ತು ದಾಟಿದ ಮೇಲೆ ಚೆಂಡಾಟ ಯಾಕೆ ಬೇಕಿತ್ತು" ಅಂತ ಬೆಳಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಅವರದ್ದೂ ಹೆದರಿಕೆಯೇ, ಹೇಳೋ ರೀತಿ ಅದು.

ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಕೋಲಾರಕ್ಕೆ ಬಸ್ಸು. ಮೂರನೇ ತಿಂಗಳಿಗೆ ಮೆಟ್ಟಿಲು ಸಲೀಸಾಯ್ತು. ಅಪಾಯ ಶುರುವಾಗೋದು ಅಲ್ಲೇ. ನೋವು ಹೋಗುತ್ತೆ, ಒಳಗೆ ಇನ್ನೂ ಗಟ್ಟಿಯಾಗಿರಲ್ಲ. 2016ರ ಒಂದು ಅಧ್ಯಯನದ ಲೆಕ್ಕ ಫಿಸಿಯೋ ಹೇಳಿದ್ರು: ಒಂಬತ್ತು ತಿಂಗಳ ತನಕ, ಆಟಕ್ಕೆ ಮರಳೋದನ್ನ ಒಂದೊಂದು ತಿಂಗಳು ಮುಂದೆ ಹಾಕಿದಷ್ಟೂ ಮತ್ತೆ ಮಂಡಿಗೆ ಪೆಟ್ಟಾಗುವ ಸಾಧ್ಯತೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ. ನನಗೆ ಆಪರೇಷನ್ ಆಗಿ ಆರು ತಿಂಗಳಾಗಿದ್ದಾಗ, ಅಕ್ಟೋಬರ್ 17ರಂದು, ಬ್ರೆಜಿಲ್‌ನ ನೇಮಾರ್‌ಗೂ ಇದೇ ಎಸಿಎಲ್ ಹರಿಯಿತು. ಅದೂ ಎಡ ಮಂಡಿ! ಅವರು ಮತ್ತೆ ಮೈದಾನಕ್ಕೆ ಇಳಿದದ್ದು 2024ರ ಅಕ್ಟೋಬರ್ 21ಕ್ಕೆ. ಅಷ್ಟು ದುಡ್ಡು, ಅಷ್ಟು ಡಾಕ್ಟರು ಇದ್ದವರಿಗೇ ಒಂದು ವರ್ಷ. ಮುಳಬಾಗಿಲಿನ ನಾನು ಮೂರು ವಾರಕ್ಕೆ ಹೊರಟಿದ್ದೆ.

ಆ ತಿಂಗಳುಗಳಲ್ಲಿ ಭಾನುವಾರಗಳೇ ಭಾರ. ಗುಂಪಿನ ಫೋಟೋ ಫೋನಿಗೆ ಬರೋದು, ನಾನು ಮುಚ್ಚಿ ಇಡೋದು. ಒಂದು ಭಾನುವಾರ ಆ ಹುಡುಗ ಬೈಕ್ ತಂದು ಬಾಗಿಲಲ್ಲಿ ನಿಂತ. "ಬಾರಣ್ಣ, ಗೆರೆ ಹೊರಗೆ ಕೂತ್ಕೋ" ಅಂದ. ದಾರಿಯಲ್ಲಿ ಕೇಳಿದೆ, ನಿನ್ನ ಕಾಲು ಹೇಗಿದೆಯೋ ಅಂತ. "ಈಗಲೂ ಕ್ರೇಟ್ ಹೊತ್ಕೊಂಡು ಹಳ್ಳದಲ್ಲಿ ಕಾಲಿಟ್ರೆ ಮಗುಚುತ್ತೆ ಅಣ್ಣ" ಅಂದ. ಒಂದೂವರೆ ವರ್ಷ ಆಗಿತ್ತು. ಗಾಡಿ ಮೇಲೆ ಹಿಂದೆ ಕೂತೇ "ತಪ್ಪು ನನ್ನದು ಕಣೋ" ಅಂದೆ. ಗಾಳಿ ಶಬ್ದಕ್ಕೆ ಕೇಳಿಸಲಿಲ್ಲ ಅನ್ಸುತ್ತೆ. ಮೈದಾನದಲ್ಲಿ ಇಳಿದ ಮೇಲೆ ಎಲ್ಲರ ಮುಂದೆ ಇನ್ನೊಂದು ಸಲ ಹೇಳಿದೆ. ಅವನು ತಲೆ ತಗ್ಗಿಸಿ ಬೂಟಿನ ದಾರ ಕಟ್ಟಿಕೊಳ್ತಾ "ಆಯ್ತು ಬಿಡಣ್ಣ" ಅಂದ. ಮುಂದಿನ ವಾರದಿಂದ ನನ್ನ ಜೊತೆ ಫಿಸಿಯೋ ಹತ್ರ ಅವನೂ ಬಂದ. ಉಳುಕಿದ ಕಾಲಿಗೆ ಆಮೇಲೆ ವ್ಯಾಯಾಮ ಮಾಡದಿದ್ರೆ ಮತ್ತೆ ಮತ್ತೆ ಮಗುಚುತ್ತಂತೆ. ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜೋದು, ಅಷ್ಟರಿಂದ ಶುರು.

ನಾನು ಮತ್ತೆ ಆಡಿದ್ದು 2024ರ ಮಾರ್ಚ್‌ನಲ್ಲಿ, ಹನ್ನೊಂದು ತಿಂಗಳಾದ ಮೇಲೆ. ಒಂಟಿ ಕಾಲಲ್ಲಿ ಜಿಗಿಸಿ ಅಳೆದ್ರು, ಸರಿಯಾದ ಕಾಲಿನ ನೂರಕ್ಕೆ ತೊಂಬತ್ತು ಬಂದ ಮೇಲೇ ಬಿಟ್ರು. ಹದಿನೈದು ನಿಮಿಷ ಆಡಿದೆ. ಚೆಂಡು ನಾಲ್ಕು ಸಲ ಸಿಕ್ಕಿತು. ಮೊದಲ ಸಲ ತಿರುಗುವಾಗ ಎದೆ ಬಾಯಿಗೆ ಬಂದಿತ್ತು. ಮೊದಲಿನ ವೇಗ ಇಲ್ಲ, ಬರೋದೂ ಇಲ್ಲ. ಪರವಾಗಿಲ್ಲ.

ಈಗ ನಮ್ಮ ಗುಂಪಲ್ಲಿ ಕೆಲವು ನಿಯಮ ಇವೆ. ಆಟಕ್ಕೆ ಮೊದಲು ಇಪ್ಪತ್ತು ನಿಮಿಷ ಫಿಫಾ 11 ಪ್ಲಸ್. ಓಟ, ಸಮತೋಲನ, ಜಿಗಿದು ಸರಿಯಾಗಿ ಇಳಿಯೋದು, ಒಟ್ಟು 15 ವ್ಯಾಯಾಮ, ಫೋನಲ್ಲಿ ನೋಡಿ ಕಲೀಬಹುದು, ಸಲಕರಣೆ ಬೇಡ. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾರ್ವೆಯ ಹುಡುಗಿಯರ ತಂಡಗಳಲ್ಲಿ ಪರೀಕ್ಷಿಸಿದಾಗ ಪೆಟ್ಟುಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ಎರಡನೇದು, ಪೆಟ್ಟಾದವನು ಅವತ್ತು ಮತ್ತೆ ಆಡಂಗಿಲ್ಲ. ಅದನ್ನ ಅವನೂ ತೀರ್ಮಾನ ಮಾಡಂಗಿಲ್ಲ, ಕ್ಯಾಪ್ಟನ್ನೂ ಮಾಡಂಗಿಲ್ಲ. ಊದಿದ ಕಾಲಲ್ಲಿ ನಾಲ್ಕು ಹೆಜ್ಜೆ ಇಡೋಕಾಗದಿದ್ರೆ, ಗಂಟಿನ ಮೂಳೆ ಒತ್ತಿದಾಗ ನೋವಾದ್ರೆ ನೇರ ಎಕ್ಸ್‌ರೇಗೆ. ಮಂಡಿಯಲ್ಲಿ 'ಟಕ್' ಅಂದ್ರೆ ಎಕ್ಸ್‌ರೇ ಚೆನ್ನಾಗಿದ್ರೂ ಮೂಳೆ ಡಾಕ್ಟರ ಹತ್ರ. ಮೂರನೇದು, ಪ್ರತಿ ಭಾನುವಾರ ತಲೆಗೆ ಇಪ್ಪತ್ತು ರೂಪಾಯಿ ಒಂದು ಡಬ್ಬಿಗೆ. ಯಾರಿಗಾದ್ರೂ ಪೆಟ್ಟಾಗಿ ಕೂಲಿ ತಪ್ಪಿದ್ರೆ ಅದರಿಂದ. ದೊಡ್ಡ ದುಡ್ಡಲ್ಲ, ಆದ್ರೆ ಮನೆಗೆ ಬರೀ ಹಣ್ಣು ತಗೊಂಡು ಹೋಗೋ ಹಾಗಾಗಲ್ಲ.

ಡಬ್ಬಿಯ ಲೆಕ್ಕ ಈಗ ಶ್ರೀನಿವಾಸಪುರದ ಆ ಹುಡುಗನ ಕೈಯಲ್ಲಿದೆ. ಕ್ಯಾಪ್ಟನ್ನೂ ಅವನೇ. ಮೊನ್ನೆ ಕೋಲಾರದ ಆಟದಲ್ಲಿ ನನ್ನ ಮೀನಖಂಡ ಸ್ವಲ್ಪ ಹಿಡಿದುಕೊಂಡಿತು. ಆಡ್ತೀನಿ ಬಿಡೋ ಅಂದೆ. ಅವನು ಮಾತೇ ಆಡದೆ ಗೆರೆ ಹೊರಗೆ ಬೆರಳು ತೋರಿಸಿದ. ಹೋಗಿ ಕೂತೆ.

ಭಾನುವಾರ ಆಡೋಕೆ ಹೋಗಿ, ಬೇಡ ಅನ್ನಲ್ಲ. ಇಪ್ಪತ್ತು ನಿಮಿಷ ಮೊದಲೇ ಹೋಗಿ, ಅಷ್ಟೇ.