ಹೊಲದೊಳಗಿನ ಚರಿತ್ರೆ

ಸಿಂಧನೂರಿನಿಂದ ಮಸ್ಕಿಯ ಮೂಲಕ ಲಿಂಗಸುಗೂರಿಗೆ ನೀವು ಪ್ರಯಾಣ ಮಾಡಿದ್ದರೆ, ಮೊದಲು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳನ್ನೂ ಅನಂತರ ಎರೆ ಹೊಲಗಳನ್ನೂ ನಡುನಡುವೆ ಬಂಡೆಗಲ್ಲಿನ ಗುಡ್ಡಗಳನ್ನೂ ನೋಡಿರುತ್ತೀರಿ. ಇಲ್ಲಿ ನೋಡುವಂಥದ್ದೇನಿದೆ ಎಂದು ನಿಮಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಭಾರತದ ಚರಿತ್ರೆಯ ಒಂದು ದೊಡ್ಡ ಗಂಟು ಬಿಚ್ಚಿಕೊಂಡದ್ದು ಈ ಗುಡ್ಡಗಳಲ್ಲೇ.

1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ದೊರೆತದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ಈ ಅರಸ ಅಶೋಕನೇ ಎಂಬುದನ್ನು ಸಿಂಹಳದ ಗ್ರಂಥಗಳ ನೆರವಿನಿಂದ ಊಹಿಸಬೇಕಾಯಿತು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತ ಮಸ್ಕಿಗೆ ಬಂದ ಗಣಿ ಇಂಜಿನಿಯರ್ ಸಿ. ಬೀಡನ್ ಅವರಿಗೆ ಬಂಡೆಯೊಂದರ ಮೇಲೆ ಬರಹ ಕಂಡಿತು. ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದ ಆ ಶಾಸನದಲ್ಲಿ ಬಿರುದಿನ ಜೊತೆಗೇ ‘ಅಸೋಕ’ ಎಂಬ ಹೆಸರೂ ಇತ್ತು. ಊಹೆ ನಿಶ್ಚಯವಾಯಿತು.

ಅದಕ್ಕೂ ಮೊದಲು, 1842ರಲ್ಲಿ, ಲಿಂಗಸುಗೂರಿನಲ್ಲಿ ಡಾ. ಪ್ರಿಮ್ರೋಸ್ ಎಂಬವರು ಕಲ್ಲಿನ ಉಪಕರಣಗಳನ್ನು ಕಂಡಿದ್ದರು. ಭಾರತದಲ್ಲಿ ಶಿಲಾಯುಗದ ವಸ್ತುಗಳು ಸಿಕ್ಕ ಅತ್ಯಂತ ಹಳೆಯ ವರದಿಗಳಲ್ಲಿ ಇದೂ ಒಂದು.

ಇವರಿಬ್ಬರೂ ವೃತ್ತಿಯಿಂದ ಪುರಾತತ್ವಜ್ಞರಲ್ಲ. ನೆಲದ ಮೇಲೆ ಕಣ್ಣಿಟ್ಟು ನಡೆದದ್ದರಿಂದ ಅವರಿಗೆ ಇವು ಕಂಡವು. ಹಾಗೆ ನೋಡಿದರೆ ಈ ನೆಲದ ಮೇಲೆ ರೈತನಷ್ಟು ನಡೆದವರು ಯಾರಿದ್ದಾರೆ? ನೇಗಿಲಿಗೆ ಸಿಗುವ ಮಡಕೆಯ ಬೋಕಿ, ನುಣುಪಾದ ಕಲ್ಲಿನ ಕೊಡಲಿ, ಶಂಖದ ಬಳೆಯ ಚೂರು, ಮಣಿ ಮೊದಲು ಬೀಳುವುದು ಅವನ ಕಣ್ಣಿಗೇ.

ಇಲ್ಲಿ ವಿಜ್ಞಾನದ ಒಂದು ಸರಳ ಮಾತು ತಿಳಿದಿರಬೇಕು. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ನಡೆಸಿದಾಗ ತಳದ ಪದರದಲ್ಲಿ ಕಲ್ಲಿನ ಅಲಗುಗಳೂ ಅದರ ಮೇಲೆ ಕಬ್ಬಿಣ ಬಳಸಿದ ಬೃಹತ್ ಶಿಲಾ ಸಮಾಧಿಗಳ ಕಾಲದ ಕುರುಹುಗಳೂ ಅದರ ಮೇಲೆ ಚಾರಿತ್ರಿಕ ಕಾಲದವೂ ಸಿಕ್ಕವು. ಯಾವ ವಸ್ತು ಯಾವ ಪದರದಲ್ಲಿತ್ತು ಎಂಬುದರಿಂದಲೇ ಅದರ ಕಾಲ ತಿಳಿಯುತ್ತದೆ. ಕಿತ್ತು ತಂದು ಗೂಡಿನಲ್ಲಿಟ್ಟ ಮಣಿ ಏನನ್ನೂ ಹೇಳಲಾರದು.

ಭತ್ತಕ್ಕೆ ನೆಲ ಸಮವಾಗಿರಬೇಕು. ಕಾಲುವೆಯ ನೀರು ಬಂದಲ್ಲಿ ದಿಬ್ಬಗಳನ್ನು ತಗ್ಗಿಸುವುದು ರೈತನ ಅಗತ್ಯ, ಅದನ್ನು ತಪ್ಪೆನ್ನಲಾಗದು. ಆದರೆ ಸಾವಿರಾರು ವರ್ಷಗಳಲ್ಲಿ ಕೂಡಿದ ಪದರಗಳನ್ನು ಯಂತ್ರ ಒಂದೇ ದಿನದಲ್ಲಿ ಕಲಸಿಬಿಡುತ್ತದೆ. ಹೇಳಿದರೆ ಹೊಲವೇ ಹೋದೀತು ಎಂಬ ಅಳುಕೂ ಸಹಜವೇ. ಆದರೆ ಪುರಾತತ್ವದ ಎಷ್ಟೋ ಕೆಲಸ ಅಗೆಯದೆ, ಹೊಲದಲ್ಲಿ ಸಾಲಾಗಿ ನಡೆದು, ಸಿಕ್ಕ ಚೂರುಗಳನ್ನು ನಕ್ಷೆಯಲ್ಲಿ ಗುರುತಿಸುವುದರಿಂದಲೇ ನಡೆಯುತ್ತದೆ.

ಮಸ್ಕಿಯ ಕತೆ ಮುಗಿದಿಲ್ಲ. ಅಮೆರಿಕ, ಕೆನಡಾ ಹಾಗೂ ಭಾರತದ ವಿದ್ವಾಂಸರ ತಂಡಕ್ಕೆ ಅಲ್ಲಿ ಸುಮಾರು 4,000 ವರ್ಷಗಳ ಹಿಂದಿನ ಜನವಸತಿಯ ಕುರುಹುಗಳು ದೊರೆತದ್ದು 2025ರಲ್ಲಿ ಸುದ್ದಿಯಾಯಿತು.

ಆದ್ದರಿಂದ ನಿಮ್ಮಲ್ಲಿ ನಮ್ಮದೊಂದು ವಿನಂತಿ. ದಿಬ್ಬವನ್ನು ತಗ್ಗಿಸುವ ಮೊದಲು ಒಮ್ಮೆ ಅದರ ಮೇಲೆ ನಿಧಾನವಾಗಿ ನಡೆದು ನೋಡಿ. ಏನಾದರೂ ಕಂಡರೆ ಕೀಳಬೇಡಿ. ಇದ್ದಲ್ಲೇ ಪಕ್ಕದಲ್ಲೊಂದು ಪೆನ್ನಿಟ್ಟು ಚಿತ್ರ ತೆಗೆಯಿರಿ, ಹೊಲದ ಸರ್ವೆ ನಂಬರು ಬರೆದಿಡಿ. ಊರಿನ ಶಾಲೆಯ ಮೇಷ್ಟ್ರಿಗೆ ತೋರಿಸಿ, ತಹಸೀಲ್ದಾರರ ಕಚೇರಿಗೋ ರಾಜ್ಯ ಪುರಾತತ್ವ ಇಲಾಖೆಗೋ ತಿಳಿಸಿ. ಅವರು ಬಂದು ನೋಡುವವರೆಗೆ ಯಂತ್ರ ಸ್ವಲ್ಪ ಕಾಯಲಿ.