ಗಣಕಯಂತ್ರದ ಪಾಠವೂ ಕನ್ನಡದಲ್ಲಿಯೇ ಆಗಲಿ

(ಕನ್ನಡ ಮಾಧ್ಯಮ ಶಾಲೆಗಳ ಪಾಲಕರ ಸಭೆಯಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಜಹೀರಾಬಾದ, ನಾರಾಯಣಖೇಡ, ತಾಂಡೂರ, ಎಲ್ಲಿಗೆ ಹೋದರೂ ಪಾಲಕರಿಂದ ಒಂದೇ ಮಾತು ಕೇಳಿಬರುತ್ತದೆ. "ಸರ್, ಕನ್ನಡ ಸಾಲಿ ಛಲೋ ಅದ, ಖರೆ ಮುಂದ ಕಂಪ್ಯೂಟರ್ ಕಲೀಬೇಕಂದ್ರ ಇಂಗ್ಲಿಷ್ ಮೀಡಿಯಮ್ಮೇ ಬೇಕಲ್ರಿ." ಹೀಗೆ ಹೇಳಿದವರಲ್ಲಿ ಕೆಲವರು ಮುಂದಿನ ಜೂನ್‌ನಲ್ಲಿ ಟಿ.ಸಿ. ಕೇಳಲು ಬರುತ್ತಾರೆ. ಆದ್ದರಿಂದ ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಇಂದು ನೋಡೋಣ.

ಬ್ಯಾಂಕಿನ ಕೌಂಟರಿನಲ್ಲಿ, ಅಡತಿ ಅಂಗಡಿಯಲ್ಲಿ ಗುಮಾಸ್ತರ ಮುಂದಿನ ಪರದೆಯನ್ನು ನೀವು ಕಂಡಿದ್ದೀರಿ. ಹೆಸರು ತುಂಬುವ ಖಾನೆ, ಮೊತ್ತ ತುಂಬುವ ಖಾನೆ, ಕೆಳಗೆ ಒತ್ತುವ ಗುಂಡಿ. ಅದಕ್ಕೆ ವಿಂಡೋ ಎನ್ನುತ್ತಾರೆ, ಅಂದರೆ ಕಿಟಕಿ. ಇಂಥ ಕಿಟಕಿಯನ್ನು ನಮ್ಮ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ತಾವೇ ಕಟ್ಟಬಲ್ಲರು. ಇದಕ್ಕೆ ಬೇಕಾದ ಪೈಥಾನ್ ಎಂಬ ಪ್ರೋಗ್ರಾಂ ಭಾಷೆಗೆ ಹಣ ಕೊಡಬೇಕಿಲ್ಲ. ಕಿಟಕಿ ಕಟ್ಟುವ ಟಿಕಿಂಟರ್ ಎಂಬ ಸಲಕರಣೆಯೂ ಅದರೊಡನೆಯೇ ಬರುತ್ತದೆ.

ಇದರಲ್ಲಿ ಮಕ್ಕಳಿಗೆ ನಿಜವಾಗಿ ಕಷ್ಟವಾಗುವುದು ಇಂಗ್ಲಿಷ್ ಅಲ್ಲ, ಯೋಚಿಸುವ ಕ್ರಮ. ಸಾಧಾರಣ ಪ್ರೋಗ್ರಾಂ ಮೇಲಿನಿಂದ ಕೆಳಗೆ ಓಡಿ ಮುಗಿಯುತ್ತದೆ. ಕಿಟಕಿಯ ಪ್ರೋಗ್ರಾಂ ಹಾಗಲ್ಲ. ಅಡತಿಯವನು ಬೆಳಗ್ಗೆ ಅಂಗಡಿ ತೆಗೆದು ಗಾದಿಯ ಮೇಲೆ ಕೂಡುತ್ತಾನೆ. ತೊಗರಿ ತಂದವನು ಬಂದರೆ ತೂಕ ಮಾಡಿಸುತ್ತಾನೆ, ಬಾಕಿ ಕೇಳಲು ಬಂದರೆ ಲೆಕ್ಕದ ವಹಿ ತೆಗೆಯುತ್ತಾನೆ, ಯಾರೂ ಬಾರದಿದ್ದರೆ ಸುಮ್ಮನೆ ಕಾಯುತ್ತಾನೆ. ಕಿಟಕಿಯೂ ಹೀಗೆಯೇ ಕಾಯುತ್ತದೆ. ಯಾವ ಗುಂಡಿ ಒತ್ತಿದರೆ ಏನು ಮಾಡಬೇಕೆಂದು ಮೊದಲೇ ಬರೆದಿಡುವುದೇ ವಿದ್ಯೆ. ತಾಂಡೂರಿನ ಮಗುವಿಗೆ ಇದನ್ನು ಕನ್ನಡದಲ್ಲಿ ಹೇಳಿದರೆ ಹತ್ತು ನಿಮಿಷ ಸಾಕು. ಅರ್ಧ ತಿಳಿದ ಇಂಗ್ಲಿಷಿನಲ್ಲಿ ಹೇಳಿದರೆ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮರೆಯುತ್ತದೆ.

ತೊಗರಿಯ ಲೆಕ್ಕದ ಕಿಟಕಿಯನ್ನೇ ನೋಡಿ. ಒಂದು ಖಾನೆಯಲ್ಲಿ 12 ಚೀಲ, ಇನ್ನೊಂದರಲ್ಲಿ 5 ಚೀಲ ಬರೆದು ಕೂಡಿಸು ಎಂದರೆ ಮೊದಲ ಸಲ 125 ಎಂದು ಬರುತ್ತದೆ. ಖಾನೆಯಲ್ಲಿ ಬರೆದದ್ದು ಯಂತ್ರಕ್ಕೆ ಬರಿಯ ಅಕ್ಷರ. ಅದನ್ನು ಸಂಖ್ಯೆಯಾಗಿ ತಿಳಿ ಎಂದು ನಾವೇ ಹೇಳಬೇಕು. ಹಾಗೆ ಹೇಳಿದಾಗ ೧೨ ಎಂದು ಕನ್ನಡ ಅಂಕಿಯಲ್ಲಿ ಬರೆದರೂ ಪೈಥಾನ್ ಸರಿಯಾಗಿ ಓದಿಕೊಳ್ಳುತ್ತದೆ!

ಇಂಗ್ಲಿಷ್ ಎಷ್ಟು ಬೇಕು? ಪೈಥಾನ್ ತನಗಾಗಿ ಕಾಯ್ದಿರಿಸಿಕೊಂಡ ಪದಗಳು 35. ಸಲಕರಣೆಗಳ ಹೆಸರುಗಳು ಇನ್ನಷ್ಟು. ನಾವು ಇಡುವ ಹೆಸರುಗಳು, ಅಂದರೆ ತೂಕ, ದರ, ಮೊತ್ತ, ಕನ್ನಡ ಅಕ್ಷರಗಳಲ್ಲಿಯೇ ಇರಬಹುದು. ಆದರೆ ತಪ್ಪು ತೋರಿಸುವ ಸೂಚನೆಗಳು ಇಂಗ್ಲಿಷಿನಲ್ಲಿಯೇ ಬರುತ್ತವೆ, ಅವನ್ನು ಓದಲು ಕಲಿಸಲೇಬೇಕು. ಇಂಗ್ಲಿಷ್ ವಿಷಯವನ್ನು ಚೆನ್ನಾಗಿ ಕಲಿಸಿರೆಂದು ಶಾಲೆಯನ್ನು ಒತ್ತಾಯಿಸಿ, ಅದು ನ್ಯಾಯವೇ. ಮಾಧ್ಯಮ ಬದಲಿಸುವುದು ಬೇರೆ ಮಾತು.

ಕನ್ನಡಕ್ಕೆ ಗಣಕಯಂತ್ರದಲ್ಲಿ ಜಾಗ ತಾನಾಗಿ ಬಂದದ್ದಲ್ಲ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ'. ಇವೂ ಕಿಟಕಿಯ ಪ್ರೋಗ್ರಾಂಗಳೇ, ಕಟ್ಟಿದವರು ಕನ್ನಡಿಗರೇ. ಅದೇ 1998ರಲ್ಲಿ ಬಂದ ವಿಷುಯಲ್ ಬೇಸಿಕ್ 6ರಲ್ಲಿ ಗುಂಡಿಯ ಮೇಲೆ ಯುನಿಕೋಡ್ ಕನ್ನಡ ಬರೆದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿದ್ದವು. ಇಂದು ವಿಂಡೋಸ್ 10ರಲ್ಲಿ ಕನ್ನಡ, ತೆಲುಗು ಎರಡಕ್ಕೂ ಅಕ್ಷರಶೈಲಿ ಒಳಗೇ ಇದೆ.

ಇನ್ನು ನಮ್ಮ ಗಡಿಯ ಮಕ್ಕಳಿಗೇ ಒದಗುವ ಒಂದು ವಿಷಯ. ಯುನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಭಾರತೀಯ ಲಿಪಿಗಳನ್ನು ಒಂದೇ ಅಚ್ಚಿನಲ್ಲಿ ಜೋಡಿಸಿರುವುದರಿಂದ ತೆಲುಗು, ಕನ್ನಡ ಅಕ್ಕಪಕ್ಕದ ಮನೆಗಳು. ತೆಲುಗಿನ ಕ 3093, ಕನ್ನಡದ ಕ 3221, ವ್ಯತ್ಯಾಸ 128. ಒತ್ತಕ್ಷರ, ಕಾಗುಣಿತದ ಚಿಹ್ನೆಗಳಿಗೂ ಅದೇ 128. ಹಾಗಾದರೆ ಮೇಲಿನ ಖಾನೆಯಲ್ಲಿ ತೆಲುಗು ಹಾಕಿ ಗುಂಡಿ ಒತ್ತಿದರೆ ಕೆಳಗಿನ ಖಾನೆಯಲ್ಲಿ ಅದೇ ಮಾತು ಕನ್ನಡ ಲಿಪಿಯಲ್ಲಿ ಮೂಡುವ ಕಿಟಕಿಯನ್ನು ಮಗು ಇಪ್ಪತ್ತು ಚಿಲ್ಲರೆ ಸಾಲುಗಳಲ್ಲಿ ಬರೆಯಬಹುದು. ಒಂದೇ ಎಚ್ಚರಿಕೆ: 3072ರಿಂದ 3199ರವರೆಗಿನ ಸಂಖ್ಯೆಗಳಿಗೆ ಮಾತ್ರ 128 ಕೂಡಿಸಬೇಕು, ಇಲ್ಲವಾದರೆ ಪದಗಳ ನಡುವಿನ ತೆರಪೂ ಬೇರೇನೋ ಆಗಿಬಿಡುತ್ತದೆ. ಇದು ಅನುವಾದವಲ್ಲ, ಲಿಪಿ ಬದಲು ಅಷ್ಟೆ. ಆದರೆ ನಮ್ಮಲ್ಲಿ ತೆಲುಗು ಕೇಳಿದರೆ ತಿಳಿಯುವ, ಓದಲು ಬಾರದ ಹಿರಿಯರು ಎಷ್ಟು ಮಂದಿ! ಮೊಬೈಲಿಗೆ ಬಂದ ತೆಲುಗು ಸಂದೇಶವನ್ನು ಮೊಮ್ಮಗಳು ಕಟ್ಟಿದ ಕಿಟಕಿಯಲ್ಲಿ ಹಾಕಿ ಅಜ್ಜ ಓದಿಕೊಂಡರೆ ಯಾವ ಮಾಧ್ಯಮದ ವಿದ್ಯೆ ಕಡಿಮೆಯಾಯಿತು?

'ಅಮ್ಮ' ಎಂಬಲ್ಲಿ ಎಷ್ಟು ಅಕ್ಷರ ಎಂದು ಯಂತ್ರವನ್ನು ಕೇಳಿದರೆ 4 ಎನ್ನುತ್ತದೆ. ಮಗು 2 ಎನ್ನುತ್ತದೆ. ಅ, ಮ, ಅರ್ಧಾಕ್ಷರದ ಚಿಹ್ನೆ, ಮತ್ತೆ ಮ. ಒತ್ತಕ್ಷರ ಬಿಡಿಸಲು ಬಲ್ಲ ಮಗುವಿಗೆ ಇದು ಕೂಡಲೇ ಹೊಳೆಯುತ್ತದೆ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ಜಹೀರಾಬಾದ, ನಾರಾಯಣಖೇಡ, ಕಲಬುರಗಿ ಜಿಲ್ಲೆಯ ತಾಂಡೂರ ಆಂಧ್ರಪ್ರದೇಶಕ್ಕೆ ಹೋದವು. ಅದೇ ವರ್ಷ ಸಂವಿಧಾನಕ್ಕೆ 350-ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಅನುಕೂಲ ಒದಗಿಸಲು ರಾಜ್ಯ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಬೋಧನೆ ಎಂದರೆ ಕನ್ನಡ ಪದ್ಯ ಓದಿಸುವುದಷ್ಟೇ ಎಂದು ಅಲ್ಲಿ ಬರೆದಿಲ್ಲ. ಪ್ರೌಢಶಾಲೆಗೆ ಆ ವಿಧಿ ನೇರವಾಗಿ ತಲುಪುವುದಿಲ್ಲ, ನಿಜ. ಅಲ್ಲಿ ಕೇಳಬೇಕಾದವರು ನೀವು. ಶಾಲೆಯ ಸಭೆಗೆ ಬಂದಾಗ ಕಟ್ಟಡ, ಊಟದ ಜೊತೆಗೆ ಇದನ್ನೂ ಕೇಳಿ: ಗಣಕಯಂತ್ರ ನಡೆಯುವ ಸ್ಥಿತಿಯಲ್ಲಿದೆಯೇ, ಮಕ್ಕಳು ಅದನ್ನು ಮುಟ್ಟುತ್ತಾರೆಯೇ, ಪಾಠ ಯಾವ ಭಾಷೆಯಲ್ಲಿ ಆಗುತ್ತಿದೆ?

ಬರುವ ಶನಿವಾರ ಮಕ್ಕಳ ಕೈಯಲ್ಲಿ ಮನೆಗೆ ಬಂದ ಒಂದೊಂದು ತೆಲುಗು ನೋಟೀಸು ಕೊಟ್ಟು ಕಳಿಸಿ. ತೆಲುಗು ಅವರಿಗೆ ಪಠ್ಯವಿಷಯವೇ ಆಗಿದೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡದ ಕ ಇರುವ ಕೀಲಿಯಲ್ಲಿಯೇ ತೆಲುಗಿನ ಕ ಇರುವುದರಿಂದ ಬೆರಳಿಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇಲ್ಲ. ಅವರು ಟೈಪು ಮಾಡಿ, ಕಿಟಕಿಯಲ್ಲಿ ಹಾಕಿ, ಕನ್ನಡ ಲಿಪಿಯಲ್ಲಿ ಬರೆದುಕೊಂಡು ಸಂಜೆ ನಿಮಗೆ ತಂದು ಕೊಡುತ್ತಾರೆ.